ಬೀಜಿಂಗ್‌ನಲ್ಲಿ ಅರಮನೆಗೆ ಗೈಡ್ ಬೇಕು, ಮಹಾಗೋಡೆಗೆ ಬೇಡ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೀಜಿಂಗ್ ನೋಡಲು ಹೋಗುವವರು ನಿಷೇಧಿತ ನಗರವೆಂದು ಹೆಸರಾದ ಹಳೆಯ ಅರಮನೆಗೆ ಅರ್ಧ ದಿನದ ಮಟ್ಟಿಗೆ ತಮ್ಮದೇ ಒಬ್ಬ ಗೈಡನ್ನು ಗೊತ್ತು ಮಾಡಿಕೊಳ್ಳಲಿ. ಮಹಾಗೋಡೆಗೆ ಗೈಡ್ ಬೇಕಾಗಿಲ್ಲ, ಬಸ್ ಹತ್ತಿ ಹೋಗಿ ಬರಬಹುದು. ಬೆಳಿಗ್ಗೆ ಹೋಟೆಲಿನಿಂದ ಕರೆದೊಯ್ದು, ಮೂರು ನಾಲ್ಕು ಜಾಗ ತೋರಿಸಿ, ಊಟ ಹಾಕಿಸಿ, ಸಂಜೆ ತಂದು ಬಿಡುವ ಇಡೀ ದಿನದ ಬಸ್ ಪ್ರವಾಸ ನನ್ನ ಲೆಕ್ಕದಲ್ಲಿ ಕೊನೆಯ ಆಯ್ಕೆ. ಅಗ್ಗ ಎನ್ನುವುದೊಂದೇ ಅದರ ಪರವಾಗಿ ಹೇಳಬಹುದಾದ ಮಾತು. ಅದೂ ಪೂರ್ತಿ ನಿಜವಲ್ಲ, ಲೆಕ್ಕವನ್ನು ಮುಂದೆ ಕೊಡುತ್ತೇನೆ.

ಯಾರ ಅನುಭವ ಇದು ಎಂದು ಗೊತ್ತಿದ್ದರೆ ನಿಮಗೆ ತೂಗಿ ನೋಡಲು ಸುಲಭ. ಹೋದವರು ನಾನು, ನನ್ನ ಹೆಂಡತಿ, ಎಪ್ಪತ್ತರ ಹೊಸ್ತಿಲಲ್ಲಿರುವ ಅಮ್ಮ. ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಕಂಡರೆ ಮುಖ ಸಣ್ಣದಾಗುತ್ತದೆ, ಆದರೆ ಕಥೆ ಕೇಳಲು ಎಷ್ಟು ಹೊತ್ತಾದರೂ ನಿಲ್ಲುತ್ತಾರೆ. ಸಸ್ಯಾಹಾರಿಗಳು. ಅವಸರ ಮಾಡಿದರೆ ನಮ್ಮ ಮೂವರಿಗೂ ಸಿಟ್ಟು ಬರುತ್ತದೆ. ಅದಕ್ಕೂ ಹಿಂದೆ ಕಚೇರಿ ಕೆಲಸದ ಮೇಲೆ ಬೀಜಿಂಗ್‌ಗೆ ಹೋಗಿದ್ದಾಗ ನಾನೊಬ್ಬನೇ ಮಹಾಗೋಡೆಯ ಬದಾಲಿಂಗ್ ಭಾಗಕ್ಕೂ ಮಿಂಗ್ ವಂಶದ ಚಕ್ರವರ್ತಿಗಳ ಸಮಾಧಿಗಳಿಗೂ ಬಸ್ ಪ್ರವಾಸದಲ್ಲಿ ಹೋಗಿಬಂದಿದ್ದೆ. ಆ ದಿನ ಮಾರಾಟದ ಮಳಿಗೆಯೊಂದರಲ್ಲಿ ಹೊತ್ತು ಹಾಳಾಗಿದ್ದರಿಂದ ಈ ಸಲ ‘ಅಂಗಡಿ ಭೇಟಿ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದ ಸಂಸ್ಥೆಯನ್ನು ಹುಡುಕಿದೆವು. ಕಾರ್ಯಕ್ರಮ ಹೀಗಿತ್ತು: ತಿಯಾನನ್‌ಮೆನ್ ಚೌಕ, ಅರಮನೆ, ಟೆಂಪಲ್ ಆಫ್ ಹೆವನ್, ಬೇಸಿಗೆ ಅರಮನೆ. ಎಲ್ಲವೂ ಒಂದೇ ದಿನ, ತಲೆಗೆ 300 ಯುವಾನ್, ಟಿಕೆಟ್ ಮತ್ತು ಊಟ ಸೇರಿ. ಯುವಾನಿಗೆ ಹನ್ನೆರಡು ರೂಪಾಯಿಯ ಲೆಕ್ಕ ಹಿಡಿದರೆ ಮೂರು ಸಾವಿರದ ಆರುನೂರು. ಅಂಗಡಿ ನಿಜಕ್ಕೂ ಇರಲಿಲ್ಲ. ಎಡವಟ್ಟಾದದ್ದು ಬೇರೆ ಕಡೆ.

ಅರಮನೆಗೆ ಈಗ ಕಾಗದದ ಟಿಕೆಟ್ ಇಲ್ಲ. ಪಾಸ್‌ಪೋರ್ಟೇ ಟಿಕೆಟ್. ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮುಂಚೆಯೇ ಕಾಯ್ದಿರಿಸಬೇಕು. ದಕ್ಷಿಣದ ವೂಮೆನ್ ದ್ವಾರದಲ್ಲಿ ಅದೇ ಪಾಸ್‌ಪೋರ್ಟ್ ತೋರಿಸಿದರೆ ಒಳಗೆ ಬಿಡುತ್ತಾರೆ. ಬಹಳ ಜನರಿಗೆ ಇದು ಸಲೀಸು. ನಮ್ಮ ಕಡೆಯವರಿಗೆ ಅಲ್ಲ. ಅಮ್ಮನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಹಳೆಯ ಮೈಸೂರು ಸೀಮೆಯ ಅವರ ವಯಸ್ಸಿನ ಹೆಂಗಸರಲ್ಲಿ ಎಷ್ಟು ಜನಕ್ಕೆ ಉಪನಾಮವಿದೆ? ಒಂದೇ ಹೆಸರು, ಅದರ ಮುಂದೆ ಯಾವಾಗಲಾದರೂ ಒಂದು ಇನಿಷಿಯಲ್, ಅಷ್ಟೇ. ಬುಕಿಂಗ್ ನಮೂನೆಗಳು ಮಾತ್ರ ಎರಡೂ ಖಾನೆ ತುಂಬಿಸಿ ಎಂದು ಹಟ ಹಿಡಿಯುತ್ತವೆ.

ಪ್ರವಾಸ ಸಂಸ್ಥೆಗೆ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಚಿತ್ರ ಕಳಿಸಿದ್ದೆವು, ಅವರೇ ಕೇಳಿದ್ದರಿಂದ. ಖಾಲಿ ಖಾನೆಯ ಬಗ್ಗೆ ಪ್ರತ್ಯೇಕವಾಗಿ ಬರೆದೂ ತಿಳಿಸಿದ್ದೆ. ‘ಚಿಂತೆ ಬೇಡ’ ಎಂಬ ಉತ್ತರವೂ ಬಂದಿತ್ತು. ಅಲ್ಲಿ ಕುಳಿತಿದ್ದ ಯಾರೋ ಪುಣ್ಯಾತ್ಮರು ಕೊನೆಯ ಪುಟದಲ್ಲಿದ್ದ ತಂದೆಯ ಹೆಸರನ್ನು ಎತ್ತಿ ಉಪನಾಮದ ಖಾನೆಗೆ ಸೇರಿಸಿದ್ದರು. ಅಷ್ಟಕ್ಕೇ ನಿಂತಿದ್ದರೆ ಸಂಖ್ಯೆ ನೋಡಿ ಬಿಡುತ್ತಿದ್ದರೋ ಏನೋ. ಹೆಸರು ಜೋಡಿಸುವ ಗಡಿಬಿಡಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆಯ ಒಂದು ಅಂಕಿಯನ್ನೂ ಬದಲಿಸಿದ್ದರು. ದ್ವಾರದ ಯಂತ್ರಕ್ಕೆ ಅಮ್ಮ ಯಾರೆಂದೇ ಗೊತ್ತಾಗಲಿಲ್ಲ.

ಹಿಂದೆ ಸಾಲು, ಮುಂದೆ ಕಂಬಿ, ಮೇಲೆ ಬಿಸಿಲು. ಸಿಬ್ಬಂದಿ ಪಕ್ಕದ ಕಿಟಕಿಗೆ ಹೋಗುವಂತೆ ಕೈ ತೋರಿಸಿದರು. ಅವರ ಮೇಲೆ ನನಗೆ ದೂರಿಲ್ಲ, ಪಟ್ಟಿಯಲ್ಲಿ ಇಲ್ಲದವರನ್ನು ಅವರು ಹೇಗೆ ಬಿಟ್ಟಾರು? ಬಸ್ಸಿನ ಗೈಡ್ ಬಾವುಟ ಹಿಡಿದು ಇಪ್ಪತ್ತೈದು ಮೂವತ್ತು ಜನರನ್ನು ಒಳಗೆ ನಿಲ್ಲಿಸಿ ಬಂದಿದ್ದ. ಒಂದು ಕಣ್ಣು ನಮ್ಮ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ. ಹತ್ತು ನಿಮಿಷ ಕಿಟಕಿಯ ಬಳಿ ಮಾತಾಡಿದ. ಕಚೇರಿಗೆ ಫೋನ್ ಮಾಡಿದ. ಕೊನೆಗೆ, “ನೀವು ಇಲ್ಲೇ ಇರಿ, ಕಚೇರಿಯವರು ಸರಿಪಡಿಸುತ್ತಾರೆ, ಉತ್ತರದ ಬಾಗಿಲಲ್ಲಿ ಸಿಗೋಣ” ಎಂದು ಗುಂಪಿನ ಜೊತೆ ಹೊರಟೇಬಿಟ್ಟ. ಅವನದು ತಪ್ಪೆಂದೂ ಹೇಳಲಾರೆ. ಮೂವತ್ತು ಜನರ ದಿನವನ್ನು ಒಬ್ಬರಿಗಾಗಿ ನಿಲ್ಲಿಸಲು ಬರುವುದಿಲ್ಲ. ಬಸ್ ಪ್ರವಾಸದ ಮೂಲ ದೋಷವೇ ಅದು.

“ನಮ್ಮಪ್ಪ ಅರಸೀಕೆರೆ ದಾಟಿ ಹೋದವರಲ್ಲ, ಅವರ ಹೆಸರು ಮಾತ್ರ ಚೀನಾದ ಅರಮನೆ ಬಾಗಿಲಿಗೆ ಬಂತು ನೋಡು” ಎಂದರು ಅಮ್ಮ, ಕಲ್ಲಿನ ಕಟ್ಟೆಯ ಮೇಲೆ ಕುಳಿತು. ಅವರು ನಗುತ್ತಿದ್ದರು, ನನಗೆ ನಗು ಬರಲಿಲ್ಲ. ಎಲ್ಲ ಸರಿಯಾಗಿ ಒಳಗೆ ಹೋಗುವ ಹೊತ್ತಿಗೆ ಒಂದು ತಾಸಿಗೂ ಹೆಚ್ಚು ಕಳೆದಿತ್ತು. ಅರಮನೆ ದಕ್ಷಿಣದಿಂದ ಉತ್ತರಕ್ಕೆ ಸುಮಾರು ಒಂದು ಕಿಲೋಮೀಟರ್. ಗೈಡ್ ಗೊತ್ತು ಮಾಡಿದ್ದ ಸಮಯಕ್ಕೆ ಉತ್ತರದ ಬಾಗಿಲು ಮುಟ್ಟಬೇಕಾದ್ದರಿಂದ, ಆರು ಶತಮಾನ ಹಳೆಯ ಅರಮನೆಯನ್ನು ಅಮ್ಮ ನೋಡಿದ್ದು ನನ್ನ ತೋಳು ಹಿಡಿದುಕೊಂಡು, ತಲೆ ಬಗ್ಗಿಸಿ, ಎತ್ತರದ ಹೊಸ್ತಿಲುಗಳನ್ನು ಎಡವದಂತೆ ಎಣಿಸುತ್ತಾ. ಅವತ್ತು ನಾವು ಕೇಳಿಸಿಕೊಂಡ ವಿವರಣೆ ಸೊನ್ನೆ.

ಕಚೇರಿಯವರು ಆಮೇಲೆ ಕ್ಷಮೆ ಕೇಳಿ ಒಬ್ಬರ ಹಣ ವಾಪಸು ಮಾಡಿದರು. ಅಮ್ಮನಿಗೆ ಬೇಕಿದ್ದದ್ದು ಹಣವಲ್ಲ, ಅರಮನೆ. ಹೋಟೆಲಿನಲ್ಲಿ ಕುಳಿತು ಒಬ್ಬ ಪರವಾನಗಿ ಪಡೆದ ಗೈಡನ್ನು ಹುಡುಕಿದೆ. ಇಂಗ್ಲಿಷ್ ಬಲ್ಲ ಮಧ್ಯವಯಸ್ಸಿನ ಹೆಂಗಸು; ಅರ್ಧ ದಿನಕ್ಕೆ, ಎಷ್ಟು ಜನರಿದ್ದರೂ, 700 ಯುವಾನ್. ಅವರು ಕೇಳಿದ ಮೊದಲ ಪ್ರಶ್ನೆಯಲ್ಲೇ ನನ್ನ ಅರ್ಧ ಸಿಟ್ಟು ಇಳಿಯಿತು: “ಫೋಟೊ ಇರುವ ಪುಟದ ಕೆಳಗೆ, ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅವು ಸ್ಪಷ್ಟವಾಗಿ ಕಾಣುವಂತೆ ಕಳಿಸಿ. ಹೆಸರು ಅಲ್ಲಿ ಹೇಗಿದೆಯೋ ಹಾಗೇ ತುಂಬಿಸುತ್ತೇನೆ.” ತುಂಬಿಸಿದ ನಮೂನೆಯ ಚಿತ್ರವನ್ನು ನಮಗೆ ಕಳಿಸಿ, ನಾವು ಸರಿ ಎಂದ ಮೇಲೆಯೇ ಹಣ ಕಟ್ಟಿದರು. ಉಪನಾಮವಿಲ್ಲದ ಪಾಸ್‌ಪೋರ್ಟಿನವರು ಯಾರನ್ನೇ ಗೊತ್ತು ಮಾಡಿಕೊಂಡರೂ ಇಷ್ಟನ್ನು ಕೇಳಿ ಮಾಡಿಸಿಕೊಳ್ಳಬೇಕು. ದ್ವಾರದಲ್ಲಿ ಈ ಬಾರಿ ಅರೆ ನಿಮಿಷವೂ ಹಿಡಿಯಲಿಲ್ಲ.

ಒಳಗೆ ಹೋದ ಮೇಲೆ ತಿಳಿಯಿತು, ಈ ಜಾಗ ಏಕೆ ಗೈಡ್ ಇಲ್ಲದೆ ಬಾಯಿ ಬಿಡುವುದಿಲ್ಲ ಎಂದು. ಮೊದಲ ನೋಟಕ್ಕೆ ಎಲ್ಲ ಅಂಗಳವೂ ಒಂದೇ: ಕೆಂಪು ಗೋಡೆ, ಹಳದಿ ಹೆಂಚು, ಬಿಳಿ ಕಲ್ಲಿನ ಜಗಲಿ. ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿ 1406ರಲ್ಲಿ ಶುರು ಮಾಡಿಸಿ 1420ರಲ್ಲಿ ಮುಗಿಸಿದ್ದು, ಮಿಂಗ್ ಮತ್ತು ಚಿಂಗ್ ವಂಶಗಳ 24 ಚಕ್ರವರ್ತಿಗಳು ಇಲ್ಲಿದ್ದದ್ದು, ಇವೆಲ್ಲ ಫಲಕದಲ್ಲೇ ಸಿಗುತ್ತವೆ. ಫಲಕದಲ್ಲಿ ಓದಿ ದಾಟಿಬಿಡುವುದನ್ನು ಆಕೆ ಬೆರಳು ತೋರಿಸಿ ನೋಡಿಸಿದರು. ತೈಹೆ ಸಭಾಂಗಣದ ಮಾಡಿನ ಅಂಚಿನಲ್ಲಿ ಸಾಲಾಗಿ ಕುಳಿತ ಪುಟ್ಟ ಪ್ರಾಣಿಗಳು ಹತ್ತು. ಬೇರೆ ಕಟ್ಟಡಗಳಲ್ಲಿ ಹೆಚ್ಚೆಂದರೆ ಒಂಬತ್ತು. ಕಟ್ಟಡದ ದರ್ಜೆ ಇಳಿದಂತೆ ಪ್ರಾಣಿಗಳೂ ಕಡಿಮೆಯಾಗುತ್ತವೆ. ಆ ಹತ್ತನೆಯದು ರೆಕ್ಕೆಯಿರುವ ಕೋತಿಯಂಥದ್ದು. ಅಮ್ಮ ಕೈ ಮುಗಿಯಲು ಹೊರಟಿದ್ದರು. ಅಲ್ಲಿಂದ ಮುಂದೆ ಪ್ರತಿ ಮಾಡಿನ ಮೇಲೂ ಎಷ್ಟಿವೆ ಎಂದು ಎಣಿಸಿ ನಮಗೆ ವರದಿ ಒಪ್ಪಿಸುವುದು ಅವರ ಕೆಲಸವಾಯಿತು.

ಬಾವೊಹೆ ಸಭಾಂಗಣದ ಹಿಂದೆ ಡ್ರ್ಯಾಗನ್‌ಗಳನ್ನು ಕೆತ್ತಿದ ಒಂದೇ ಕಲ್ಲು ಇದೆ, ಹದಿನಾರೂವರೆ ಮೀಟರ್ ಉದ್ದ, ಇನ್ನೂರು ಟನ್ನಿಗೂ ಹೆಚ್ಚು ತೂಕ. ಅದನ್ನು ತಂದದ್ದು ಚಳಿಗಾಲದಲ್ಲಿ, ದಾರಿಯುದ್ದಕ್ಕೂ ಬಾವಿ ತೋಡಿ, ನೀರು ಚೆಲ್ಲಿ, ಅದು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಎಳೆದು. ಗುಂಪಿನವರು ಆ ಕಲ್ಲಿನ ಮುಂದೆ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ನಾವು ಕಾಲು ಗಂಟೆ ನಿಂತೆವು. ಹಳೇಬೀಡು, ಬೇಲೂರು ನೋಡಿ ಬೆಳೆದವರಿಗೆ ಕೆತ್ತನೆ ಹೊಸದಲ್ಲ, ಸಾಗಿಸಿದ ಬಗೆ ಹೊಸದು.

ಬೆಂಕಿ ಬಿದ್ದರೆ ಆರಿಸಲೆಂದು ನೀರು ತುಂಬಿಡುತ್ತಿದ್ದ ದೊಡ್ಡ ಕೊಪ್ಪರಿಗೆಗಳು ಅಂಗಳಗಳಲ್ಲಿವೆ. ಚಿನ್ನದ ಲೇಪವಿದ್ದವುಗಳ ಮೈಯೆಲ್ಲ ಕೆರೆದ ಗುರುತು. 1900ರಲ್ಲಿ ಎಂಟು ದೇಶಗಳ ಸೈನ್ಯ ಬೀಜಿಂಗ್‌ಗೆ ನುಗ್ಗಿದಾಗ ಚಿನ್ನವನ್ನು ಹೀಗೆ ಕೆರೆದೊಯ್ದರು ಎಂಬುದು ಅಲ್ಲಿನ ಗೈಡ್‌ಗಳೆಲ್ಲ ಹೇಳುವ ಕಥೆ. ನಮ್ಮವರು ಅದನ್ನು ಹೇಳಿ ಸ್ವಲ್ಪ ತಡೆದರು. ಬ್ರಿಟಿಷರ ಕಡೆಯಿಂದ ಬಂದವರಲ್ಲಿ ಭಾರತದ ಸಿಪಾಯಿಗಳೂ ಇದ್ದರು ಎಂದು ನಾನೇ ಮಾತು ಪೂರ್ತಿ ಮಾಡಿದೆ. “ನಿಮಗೆ ಗೊತ್ತಿದೆಯೇ, ಹಾಗಾದರೆ ಸರಿ” ಎಂದು ಆಕೆ ಆಮೇಲೆ ನಿರಾಳವಾಗಿ ಮಾತಾಡಿದರು. ಮೂವತ್ತು ಜನರ ಕಿವಿಗೆ ಯಂತ್ರ ಸಿಕ್ಕಿಸಿ ಹೇಳುವಾಗ ಇಂಥ ಮಾತು ಬರುವುದಿಲ್ಲ.

ಲೆಕ್ಕಗಳ ವಿಷಯದಲ್ಲೂ ವ್ಯತ್ಯಾಸ ಕಂಡಿತು. ಬಸ್ಸಿನಲ್ಲಿ ಬರುವಾಗಲೇ ಆ ಗೈಡ್, ಅರಮನೆಯಲ್ಲಿ 9,999 ಮತ್ತು ಅರ್ಧ ಕೋಣೆಗಳಿವೆ ಎಂದು ಗಂಭೀರವಾಗಿ ಘೋಷಿಸಿದ್ದ. ಸ್ವರ್ಗದಲ್ಲಿ ಹತ್ತು ಸಾವಿರ, ಆದ್ದರಿಂದ ಚಕ್ರವರ್ತಿಗೆ ಅರ್ಧ ಕಡಿಮೆ. ಈಕೆ ಅದೇ ಕಥೆ ಹೇಳಿ ಕೊನೆಗೆ, “ಎಣಿಸಿ ನೋಡಿದಾಗ ಸಿಕ್ಕಿದ್ದು 8,700ರ ಆಸುಪಾಸು” ಎಂದು ಸೇರಿಸಿದರು. ಹತ್ತು ಯುವಾನ್ ಹೆಚ್ಚುವರಿ ಟಿಕೆಟಿನ ಖಜಾನೆ ವಿಭಾಗಕ್ಕೂ ಕರೆದೊಯ್ದು, ಒಂಬತ್ತು ಡ್ರ್ಯಾಗನ್‌ಗಳ ಗೋಡೆಯಲ್ಲಿ ಪೂರ್ವದಿಂದ ಮೂರನೆಯ ಬಿಳಿ ಡ್ರ್ಯಾಗನ್ನಿನ ಹೊಟ್ಟೆಯ ತುಂಡು ಮರದ್ದು ಎಂದು ತೋರಿಸಿದರು. ಹೆಂಚು ಒಡೆದಾಗ ಕೆಲಸಗಾರ ತಲೆ ಉಳಿಸಿಕೊಳ್ಳಲು ಮಾಡಿದ ಉಪಾಯವೆಂದು ದಂತಕಥೆ. ಹೊರಗೆ ಬಂದದ್ದು ಪೂರ್ವದ ದೊಂಗ್‌ಹುವಾಮೆನ್ ದ್ವಾರದಿಂದ. ಉಳಿದ ಹೆಬ್ಬಾಗಿಲುಗಳಲ್ಲಿ ಸಾಲಿಗೆ ಒಂಬತ್ತರಂತೆ ಒಂಬತ್ತು ಸಾಲು ಗುಬುಟುಗಳಿದ್ದರೆ ಇಲ್ಲಿ ಎಪ್ಪತ್ತೆರಡು ಮಾತ್ರ. ಗುಂಪು ಪ್ರವಾಸಗಳು ಸಾಮಾನ್ಯವಾಗಿ ಉತ್ತರಕ್ಕೆ ಹೊರಬೀಳುವುದರಿಂದ ಈ ಬಾಗಿಲು ಅವರಿಗೆ ಕಾಣುವುದೇ ಇಲ್ಲ.

ಮಂಡಿಗೂ ಅನುಕೂಲವಾಯಿತು. ಮೂರು ಮುಖ್ಯ ಸಭಾಂಗಣಗಳ ಎತ್ತರದ ಜಗಲಿಯನ್ನು ಅಮ್ಮ ಒಮ್ಮೆ ಮಾತ್ರ ಹತ್ತಿದರು. ಉಳಿದದ್ದಕ್ಕೆ ಗೈಡ್ ಅಂಗಳದ ಪಕ್ಕದ ಸಮತಟ್ಟು ದಾರಿ ಹಿಡಿದರು, ನೆರಳು ಕಂಡಲ್ಲೆಲ್ಲ ಕೂರಿಸಿದರು. ಬಾವುಟದ ಹಿಂದೆ ಓಡುವವರಿಗೆ ಈ ಆಯ್ಕೆ ಎಲ್ಲಿಂದ ಬರಬೇಕು?

ಊಟ: ಬಸ್ ಪ್ರವಾಸದ್ದು ದುಂಡು ಮೇಜಿನ ಸಾಮೂಹಿಕ ಊಟ, ನಮ್ಮ ಪಾಲಿಗೆ ಅನ್ನ, ಎಲೆಕೋಸು ಮತ್ತು ನಾವು ತಂದಿದ್ದ ಚಟ್ನಿಪುಡಿ. ಗೈಡ್ ಜೊತೆಗಿದ್ದ ದಿನ ಮಾಂಸ, ಮೊಟ್ಟೆ ಎರಡೂ ಇಲ್ಲದ ನೂಡಲ್ಸ್ ಮಾಡಿಸಿಕೊಟ್ಟರು.

ಇನ್ನು ಮಹಾಗೋಡೆ. ಇಲ್ಲಿ ನನ್ನ ಅಭಿಪ್ರಾಯ ತಿರುಗುತ್ತದೆ. ಗೋಡೆಯ ಮೇಲೆ ನಿಂತ ಮೇಲೆ ಯಾರೂ ಏನೂ ವಿವರಿಸಬೇಕಾಗಿಲ್ಲ. ಬೆಟ್ಟದ ನೆತ್ತಿಯ ಮೇಲೆ ಅದು ಹೋಗುತ್ತಲೇ ಇರುತ್ತದೆ, ನೀವು ನೋಡುತ್ತಲೇ ಇರುತ್ತೀರಿ. ಈಗ ನಾವು ಕಾಣುವ ಇಟ್ಟಿಗೆ ಕಲ್ಲಿನ ಗೋಡೆ ಬಹುಪಾಲು ಮಿಂಗ್ ಕಾಲದ್ದು, ಎರಡು ಸಾವಿರ ವರ್ಷ ಹಳೆಯದಲ್ಲ ಎಂಬಷ್ಟು ಗೊತ್ತಿದ್ದರೆ ಸಾಕು.

ನಾನು ಹಿಂದೆ ಹೋಗಿದ್ದ ಬಸ್ ಪ್ರವಾಸ ಬದಾಲಿಂಗ್‌ಗೆ. 1950ರ ದಶಕದಲ್ಲೇ ಪ್ರವಾಸಿಗರಿಗೆ ತೆರೆದ ಭಾಗ ಅದು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬಂದದ್ದೂ ಅಲ್ಲಿಗೇ. ಜನಸಂದಣಿ ವಿಪರೀತ, ಗೋಡೆಯ ಬದಲು ಮುಂದಿನವರ ಬೆನ್ನು ನೋಡಿದ್ದೇ ಹೆಚ್ಚು. ದಾರಿಯಲ್ಲಿ ‘ವಿಶ್ರಾಂತಿಗೆ’ ಎಂದು ನಿಲ್ಲಿಸಿದ್ದು ಹಸಿರು ಜೇಡ್ ಕಲ್ಲಿನ ಆಭರಣ ಮಳಿಗೆಯ ಮುಂದೆ. ಕಲ್ಲು ಕೊರೆಯುವವರನ್ನು ಐದು ನಿಮಿಷ ತೋರಿಸಿ, ಒಂದು ಗಂಟೆಯ ಮಾರಾಟ. ಹೊರಗೆ ಹೋಗುವ ದಾರಿ ಎಲ್ಲ ಕೌಂಟರ್‌ಗಳನ್ನೂ ಸುತ್ತಿಕೊಂಡೇ ಹೋಗುತ್ತಿತ್ತು. ಇದರ ಬೆಲೆ ತೆತ್ತದ್ದು ಮಿಂಗ್ ಸಮಾಧಿಗಳ ಭೇಟಿ. ಅಲ್ಲಿ ಹದಿಮೂರು ಚಕ್ರವರ್ತಿಗಳ ಸಮಾಧಿಗಳಿವೆ. ವಾನ್‌ಲಿ ಚಕ್ರವರ್ತಿಯ ದಿಂಗ್‌ಲಿಂಗ್ ಸಮಾಧಿಯನ್ನು 1956ರಿಂದ ಅಗೆದು ತೆರೆದರು. ಒಳಗೆ ಸಿಕ್ಕ ಅಸ್ಥಿಗಳನ್ನು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1966ರಲ್ಲಿ, ಮಾವೋ ಬೆಂಬಲಿಗ ಯುವಕರ ಕೆಂಪು ಕಾವಲುಪಡೆ ಸುಟ್ಟುಹಾಕಿತು. ಆ ಬಸ್ ಪ್ರವಾಸದಲ್ಲಿ ಗೈಡ್ ಬೇಕೇಬೇಕಿದ್ದ ಜಾಗ ಅದೊಂದೇ. ಅಲ್ಲಿ ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆ.

ಹೀಗೆ ಅತಿ ಕಡಿಮೆ ದರದ ಆಸೆ ತೋರಿಸಿ, ಅಂಗಡಿಗೆ ನೂಕಿ ಕಮಿಷನ್ ಹೊಡೆಯುವುದು ಚೀನಾದಲ್ಲಿ ಕಾನೂನುಬಾಹಿರ. 2013ರ ಅಕ್ಟೋಬರ್ 1ರಂದು ಜಾರಿಗೆ ಬಂದ ಪ್ರವಾಸೋದ್ಯಮ ಕಾನೂನಿನ 35ನೇ ವಿಧಿ ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಹಾಗೆ ಕೊಂಡ ವಸ್ತುವನ್ನು ಪ್ರವಾಸ ಮುಗಿದ 30 ದಿನಗಳೊಳಗೆ ಹಿಂತಿರುಗಿಸಿಕೊಡುವಂತೆ ಸಂಸ್ಥೆಯನ್ನು ಕೇಳುವ ಹಕ್ಕೂ ಇದೆ. ಬೆಂಗಳೂರಿಗೆ ಮರಳಿದ ಮೇಲೆ ಆ ಹಕ್ಕನ್ನು ಚಲಾಯಿಸುವವರು ಯಾರು ಎನ್ನುವುದು ಬೇರೆ ಮಾತು. ನನ್ನ ಪಕ್ಕ ಕುಳಿತಿದ್ದವರೊಬ್ಬರು ಕೊಂಡ ಬಳೆಯ ಬೆಲೆ ಅವರ ಪ್ರವಾಸದ ಶುಲ್ಕದ ಹಲವು ಪಟ್ಟು. ಅಗ್ಗ ಎನ್ನುವುದು ಪೂರ್ತಿ ನಿಜವಲ್ಲ ಎಂದದ್ದು ಇದಕ್ಕೇ.

ಬದಾಲಿಂಗ್‌ಗೇ ಹೋಗಬೇಕೆಂದಿದ್ದರೂ ಪ್ರವಾಸದ ಬಸ್ ಬೇಕಿಲ್ಲ. 2019ರ ಕೊನೆಯಿಂದ ಹೈಸ್ಪೀಡ್ ರೈಲಿದೆ, ಚಿಂಗ್‌ಹೆ ನಿಲ್ದಾಣದಿಂದ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿನ ನಿಲ್ದಾಣ ನೆಲದಡಿ ನೂರು ಮೀಟರಿಗೂ ಆಳದಲ್ಲಿದೆ, ಅದೇ ಒಂದು ನೋಟ.

ಈ ಸಲ ನಾವು ಹೋದದ್ದು ಮಹಾಗೋಡೆಯ ಇನ್ನೊಂದು ಭಾಗವಾದ ಮುತಿಯಾನ್‌ಯುಗೆ. ನಗರದಿಂದ ಈಶಾನ್ಯಕ್ಕೆ ಸುಮಾರು 70 ಕಿಲೋಮೀಟರ್. ದೊಂಗ್‌ಝಿಮೆನ್‌ನಿಂದ ಬೆಳಿಗ್ಗೆ ನೇರ ಬಸ್ ಸಿಗುತ್ತದೆ. ಇನ್ನೊಂದು ದಾರಿ 916 ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹುವಾಯ್‌ರೋಗೆ ಹೋಗಿ ಬಸ್ ಬದಲಿಸುವುದು, ಅಗ್ಗವೇನೋ ಹೌದು. ಆದರೆ ಆ ದಾರಿಯಲ್ಲಿ ಸಮವಸ್ತ್ರದಂಥ ಅಂಗಿ ತೊಟ್ಟವರು ವಿದೇಶಿ ಮುಖ ಕಂಡರೆ ‘ಮುತಿಯಾನ್‌ಯು, ಇಲ್ಲೇ ಇಳಿಯಿರಿ’ ಎಂದು ಇಳಿಸಿ ಕಾರಿಗೆ ಹತ್ತಿಸುವ ಹಳೆಯ ಚಾಳಿಯಿದೆ. ವಯಸ್ಸಾದವರು ಜೊತೆಗಿದ್ದರೆ ನೇರ ಬಸ್ಸೇ ಸರಿ. ನಿಲ್ದಾಣದ ಹೊರಗೆ “ಬಸ್ ಇವತ್ತು ಇಲ್ಲ” ಎಂದು ನಮ್ಮ ಹಿಂದೆಯೇ ಬಂದವನಿಗೆ ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ಟರು, ಅವನು ಹೋದ.

ಮುತಿಯಾನ್‌ಯುನಲ್ಲಿ ಪ್ರವೇಶಕ್ಕೂ ಒಳಗಿನ ಬಸ್ಸಿಗೂ ಸೇರಿ 60 ಯುವಾನ್ ಆಸುಪಾಸು, ರೋಪ್‌ವೇಗೆ ಹೋಗಿ ಬರಲು 140. ಅದು ಹದಿನಾಲ್ಕನೆಯ ಕಾವಲು ಗೋಪುರದ ಬಳಿ ಇಳಿಸುತ್ತದೆ; ಇನ್ನೊಂದು ಕಡೆಯ ತೆರೆದ ಕುರ್ಚಿಯ ಸಾಲು ಆರನೆಯ ಗೋಪುರಕ್ಕೆ, ಅಲ್ಲಿಂದ ಕೆಳಗೆ ಜಾರುಗಾಡಿಯಲ್ಲಿ ಬರಬಹುದು. ಅಮ್ಮ ಹದಿನಾಲ್ಕನೆಯ ಗೋಪುರದಲ್ಲೇ ಕುಳಿತರು, ನಾವಿಬ್ಬರು ಇಪ್ಪತ್ತರತನಕ ಹತ್ತಿ ಬಂದೆವು. ಬೇಗ ಬನ್ನಿ ಎಂದು ಬಾವುಟ ಬೀಸುವವರು ಯಾರೂ ಇರಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ದಿನ ಅದು.

ಟೆಂಪಲ್ ಆಫ್ ಹೆವನ್ ಮತ್ತು ಬೇಸಿಗೆ ಅರಮನೆಗೂ ಗೈಡ್ ಬೇಡ. ಮೆಟ್ರೊ ಬಾಗಿಲಿಗೇ ಹೋಗುತ್ತದೆ, ಬೇಸಿಗೆ ಅರಮನೆಯ 728 ಮೀಟರಿನ ಮೊಗಸಾಲೆಯಲ್ಲಿ ನಡೆಯಲು ಗೈಡ್ ಏಕೆ? ಟಿಕೆಟ್ ಮಾತ್ರ ಮುಂಚೆ ನೋಡಿಕೊಳ್ಳಿ.

ಲೆಕ್ಕ ಇಷ್ಟು. ಬಸ್ ಪ್ರವಾಸಕ್ಕೆ ಮೂವರಿಗೆ 900 ಯುವಾನ್. ಸ್ವಂತ ಗೈಡಿಗೆ 700, ಅರಮನೆಯ ಬೇಸಿಗೆ ದರದ ಟಿಕೆಟ್ 60ರಂತೆ 180, ಒಟ್ಟು 880; ಖಜಾನೆ ವಿಭಾಗವನ್ನೂ ಸೇರಿಸಿದರೆ ಇನ್ನೊಂದು 30. ಬಸ್ಸಿನವರು ಇನ್ನೂ ಮೂರು ಜಾಗ ತೋರಿಸಿ ಊಟವನ್ನೂ ಹಾಕುತ್ತಾರೆ, ನಿಜ. ನನಗೆ ಎರಡು ಜಾಗವನ್ನು ಓಡುತ್ತಾ ನೋಡುವುದಕ್ಕಿಂತ ಒಂದನ್ನು ಕುಳಿತು ನೋಡುವುದು ಮೇಲು. ನಾಲ್ಕೈದು ಜನರಿದ್ದರೆ ಗೈಡ್ ಇನ್ನೂ ಅಗ್ಗವಾಗುತ್ತದೆ. ಒಬ್ಬರೇ ಹೋಗುವವರಿಗೆ 760 ಯುವಾನ್ ಹೆಚ್ಚಾಯಿತು ಎನ್ನಿಸಬಹುದು. ಅವರು ಅರಮನೆಯಲ್ಲೇ ಬಾಡಿಗೆಗೆ ಸಿಗುವ ಇಂಗ್ಲಿಷ್ ವಿವರಣೆಯ ಯಂತ್ರ ಕಿವಿಗೆ ಹಾಕಿಕೊಂಡು ಸ್ವಂತವಾಗಿ ಸುತ್ತಲಿ, ಆದರೂ ಗುಂಪಿನ ಬಸ್ ಹತ್ತಬೇಡಿ. ಸಮಯ ಒಂದೇ ದಿನ, ವಿಮಾನ ಮರುದಿನ ಎನ್ನುವವರಿಗೆ ಮಾತ್ರ ಬಸ್ ಪ್ರವಾಸ ಸರಿಹೋದೀತು.

ಗೈಡ್ ಸಿಕ್ಕರೂ ಟಿಕೆಟ್ ಸಿಗದಿದ್ದರೆ ಏನೂ ನಡೆಯುವುದಿಲ್ಲ. ಅರಮನೆಯ ಟಿಕೆಟ್ ಭೇಟಿಗೆ ಏಳು ದಿನ ಮುಂಚೆ ಬೀಜಿಂಗ್ ಸಮಯ ರಾತ್ರಿ 8 ಗಂಟೆಗೆ ಬಿಡುಗಡೆಯಾಗುತ್ತದೆ, ನಮ್ಮಲ್ಲಿ ಆಗ ಸಂಜೆ ಐದೂವರೆ. ರಜೆಯ ದಿನಗಳಲ್ಲಿ ಬಹಳ ಬೇಗ ಮುಗಿಯುತ್ತದೆ. ಸೋಮವಾರ, ಸಾರ್ವಜನಿಕ ರಜೆಯಲ್ಲದಿದ್ದರೆ, ಅರಮನೆಯ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಗೈಡಿನ ಜೊತೆ ಮಾತು ಮುಗಿಸಿ, ಪಾಸ್‌ಪೋರ್ಟಿನ ಆ ಎರಡು ಸಾಲುಗಳ ಚಿತ್ರವನ್ನು ಟಿಕೆಟ್ ಬಿಡುಗಡೆಗೂ ಎರಡು ದಿನ ಮೊದಲೇ ಕಳಿಸಿಟ್ಟಿರಿ.